ವಿದ್ಯಾವಿಕ್ರಯವೂ ಚಿನ್ನದ ಗಣಿಯ ಪುಸ್ತಕಶಾಲೆಯೂ

ವಿದ್ಯೆಯನ್ನು ಮಾರಬಹುದೆ, ಕೂಡದೆ ಎಂಬ ಪ್ರಶ್ನೆಯು ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧಕ್ಕೆ ಕರೆಯಲಾಗದವರನ್ನು ಎಣಿಸುವಾಗ ಭೃತಕಾಧ್ಯಾಪಕನನ್ನು, ಎಂದರೆ ಕೂಲಿ ಗೊತ್ತುಮಾಡಿಕೊಂಡು ಪಾಠ ಹೇಳುವವನನ್ನು, ಸೇರಿಸಿದೆ. ಅವನಿಗೆ ಹಣ ತೆತ್ತು ಓದಿದವನನ್ನೂ ಬಿಟ್ಟಿಲ್ಲ. ಕಾಳಿದಾಸನ ಮಾಳವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿಯೂ ಕೇವಲ ಜೀವಿಕೆಗಾಗಿ ಶಾಸ್ತ್ರವನ್ನಿಟ್ಟುಕೊಂಡವನನ್ನು ಕುರಿತು ಕಟುವಾದ ಮಾತುಂಟು. ಇದಕ್ಕೆ ಪ್ರತಿಯಾಗಿ ಶಾಸ್ತ್ರದಾನದ ಪ್ರಶಂಸೆಯು ಎಲ್ಲ ಮತಗಳಲ್ಲಿಯೂ ಇದೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಕಥೆಯನ್ನು ಕನ್ನಡ ವಿದ್ವಾಂಸರಿಗೆ ಹೇಳಬೇಕಾದುದಿಲ್ಲ.

ಆದರೆ ದಾನಕ್ಕೆ ದಾತೃವೊಬ್ಬನು ಬೇಕು. ಅಗ್ರಹಾರವೂ ಮಠವೂ ಅರಸನ ದತ್ತಿಯೂ ಯಾರ ಪಾಲಿಗೆ ಇಲ್ಲವೋ ಅಂಥವರಲ್ಲಿ ವಿದ್ಯೆಯು ನಡೆದುಬರುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ನಿದರ್ಶನವು ನಮ್ಮ ನಾಡಿನ ಪೂರ್ವದ ಅಂಚಿನಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ದೊರೆಯುತ್ತದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸ್ಥಳದ ವಿಚಾರ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಗಣಿಯ ಕೆಲಸವನ್ನು ಕೈಗೊಂಡರು. ಬೆಂಗಳೂರಿನಿಂದ ಜೋಲಾರುಪೇಟೆಗೆ 1864ರಲ್ಲಿಯೇ ರೈಲು ಹಾದಿಯಾಗಿದ್ದಿತು. ಆ ಹಾದಿಯ ಮೇಲಣ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಗಣಿಯ ಮಾರಿಕುಪ್ಪಕ್ಕೆ 1894ರಲ್ಲಿ ಕವಲು ಹಾದಿ ಬಂದಿತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ತಮಿಳು ತೆಲುಗುಗಳನ್ನಾಡುವ ಸಹಸ್ರಾರು ಮಂದಿ ಕೂಲಿಗಾರರು ಬಂದು ಗಣಿಯ ಸಾಲುಮನೆಗಳಲ್ಲಿ ನೆಲಸಿದರು. ಅವರಲ್ಲಿ ಬಹುಮಂದಿ ಅಸ್ಪೃಶ್ಯರೆಂದು ಊರಿನ ಹೊರಗೆ ಇಡಲ್ಪಟ್ಟ ಜನ. ಬಿಟ್ಟುಬಂದ ಊರುಗಳಲ್ಲಿ ಪಾಠಶಾಲೆಯ ಬಾಗಿಲು ಅವರಿಗೆ ಮುಚ್ಚಿದ್ದಿತು. ಇಲ್ಲಿ ಗಣಿಯ ಬಾಯಿ ಮಾತ್ರವೇ ತೆರೆದಿದ್ದಿತು.

ಇವರಿಗೆ ದೂರದಿಂದ ಪಾಠ ಹೇಳಿದವರು ಮದರಾಸಿನ ಅಯೋತ್ತಿದಾಸ ಪಂಡಿತರು (1845–1914). ಇವರು ಆ ಜನರಲ್ಲಿಯೇ ಹುಟ್ಟಿದವರು, ಸಿದ್ಧವೈದ್ಯದಲ್ಲಿ ಪರಿಣತರು, ತಮಿಳಿನೊಡನೆ ಸಂಸ್ಕೃತ, ಪಾಳಿಗಳನ್ನು ಬಲ್ಲವರು. 1898ರಲ್ಲಿ ಕರ್ನಲ್ ಆಲ್ಕಾಟರ ನೆರವಿನಿಂದ ಸಿಂಹಳಕ್ಕೆ ಹೋಗಿ ಬೌದ್ಧಧರ್ಮವನ್ನು ಸ್ವೀಕರಿಸಿ, ಮದರಾಸಿನ ರಾಯಪ್ಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. ಮಾರಿಕುಪ್ಪ, ಚಾಂಪಿಯನ್ ರೀಫ್ಸ್ ಮುಂತಾದೆಡೆಗಳಲ್ಲಿ ಅದರ ಶಾಖೆಗಳಾದುವು. 1907ನೆಯ ಜೂನ್ 19ರಲ್ಲಿ ಅವರು ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ನಾಲ್ಕು ಪುಟ, ಬೆಲೆಯು ಹೆಸರಿನಲ್ಲಿಯೇ ಇರುವಂತೆ ಒಂದು ಪೈಸೆ, ಅಂದರೆ ಕಾಲಾಣೆ. ಆಗಿನ ರೂಪಾಯಿಗೆ ಅರುವತ್ತನಾಲ್ಕು ಪೈಸೆಗಳಾದುದರಿಂದ ಒಂದು ರೂಪಾಯಿಗೆ ವರ್ಷವೆಲ್ಲ ಓದಿಯೂ ಹನ್ನೆರಡು ಪೈಸೆ ಉಳಿಯುತ್ತಿದ್ದಿತು. ಮರುವರ್ಷ ಹೆಸರು ‘ತಮಿಳನ್’ ಎಂದಷ್ಟೇ ಉಳಿಯಿತು.

ಈ ಪತ್ರಿಕೆಯು ಬರಿಯ ವೃತ್ತಾಂತಪತ್ರವಲ್ಲ, ಕ್ರಮವಾದ ಪಾಠಮಾಲೆ. ಬುದ್ಧಚರಿತೆಯನ್ನೂ ಧರ್ಮವನ್ನೂ ತಿಳಿಸುವ ‘ಆದಿವೇದಂ’, ದೇಶದ ಪೂರ್ವಚರಿತ್ರೆಯನ್ನು ಬೌದ್ಧದೃಷ್ಟಿಯಿಂದ ನಿರೂಪಿಸುವ ‘ಇಂದಿರರ್ ದೇಶ ಚರಿತ್ತಿರಂ’ ಎಂಬಿವು ಇದರಲ್ಲಿ ಕಂತುಕಂತಾಗಿ ಬಂದುವು. ತಿರುಕ್ಕುರಳಿಗೆ ವ್ಯಾಖ್ಯಾನವನ್ನೂ ಬರೆಯುತ್ತಿದ್ದು, ಅದು ಪೂರ್ತಿಯಾಗುವ ಮುನ್ನವೇ ಅವರು ತೀರಿಕೊಂಡರು. ತಮಿಳು ಮಕ್ಕಳು ಅಕ್ಷರಾಭ್ಯಾಸದೊಡನೆ ಕಲಿಯುವ ಅವ್ವೈಯಾರಳ ‘ಆತ್ತಿಚೂಡಿ’ಯನ್ನು ಬುದ್ಧಪರವಾಗಿ ವ್ಯಾಖ್ಯಾನಿಸಿದ್ದು ವಿಶೇಷವಾಗಿ ಗಮನಾರ್ಹ. ಅಕ್ಷರವನ್ನು ಈಗತಾನೆ ಕಲಿತವನ ಕೈಯಲ್ಲಿ ಯಾವ ಪುಸ್ತಕವಿರುವುದೋ ಅಲ್ಲಿಂದಲೇ ಅವನನ್ನು ಶಾಸ್ತ್ರಕ್ಕೆ ಕರೆದೊಯ್ಯುವ ಕ್ರಮ ಇದು. ಓದುಗರು ಬರೆದು ಕಳುಹಿದ ಶಂಕೆಗಳಿಗೆ ಪತ್ರಿಕೆಯಲ್ಲಿಯೇ ಸಮಾಧಾನ ದೊರೆಯುತ್ತಿದ್ದಿತು. ಗುರುಶಿಷ್ಯರು ಒಬ್ಬರನ್ನೊಬ್ಬರು ಕಾಣದೆಯೇ ನಡೆದ ಈ ಪೂರ್ವಪಕ್ಷ ಸಿದ್ಧಾಂತಗಳನ್ನು ದೂರವಿದ್ಯೆಯೆನ್ನದೆ ಬೇರೇನೆನ್ನೋಣ?

ಅವರ ಪ್ರತಿಪಾದನೆಗಳೆಲ್ಲವನ್ನೂ ಒಪ್ಪಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಇಂದ್ರಿಯಗಳನ್ನು ಜಯಿಸಿದ ಬುದ್ಧನೇ ಇಂದ್ರನೆಂದೂ ಅವನಿಂದಲೇ ಈ ದೇಶಕ್ಕೆ ಇಂದಿಯವೆಂಬ ಹೆಸರೆಂದೂ ಅವರು ಹೇಳುವರು. ಸಿಂಧುಶಬ್ದದಿಂದ ಬಂದುದೆಂದು ಬಲ್ಲ ಭಾಷಾಶಾಸ್ತ್ರಜ್ಞರಿಗೆ ಇದು ಸಮ್ಮತವಾಗದು. ಆದರೆ ನಿರುಕ್ತದಲ್ಲಿಯೂ ಪುರಾಣಗಳಲ್ಲಿಯೂ ಇಂಥ ನಿರ್ವಚನಗಳನ್ನು ಆದರದಿಂದ ಓದುವ ನಾವು, ಇಲ್ಲಿ ಮಾತ್ರ ನಗುವುದು ನ್ಯಾಯವಲ್ಲ. ಕಳೆದುಹೋದ ಗೌರವವನ್ನು ಶಬ್ದಗಳೊಳಗೆ ಹುಡುಕಿದ ಜನರ ಪ್ರಯತ್ನವಿದು.

ಈಗ ಪ್ರಕೃತ ವಿಷಯಕ್ಕೆ ಬರೋಣ. 1914ರಲ್ಲಿ ಪಂಡಿತರು ತೀರಿಕೊಂಡ ಬಳಿಕ ಪತ್ರಿಕೆಯು ಹೆಚ್ಚು ಕಾಲ ನಡೆಯಲಿಲ್ಲ. ಸಾಮಾನ್ಯವಾಗಿ ಗುರುವಿನೊಡನೆ ಇಂಥ ಪಾಠಗಳೂ ಅಡಗುವುವು. ಇಲ್ಲಿ ಹಾಗಾಗಲಿಲ್ಲ, ದೂರದಲ್ಲಿದ್ದ ಶಿಷ್ಯರ ಊರೇ ಗುರುಪೀಠವಾಯಿತು. 1926ರಲ್ಲಿ ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ ‘ತಮಿಳನ್’ ಚಿನ್ನದ ಗಣಿಯಿಂದಲೇ ಮತ್ತೆ ಹೊರಟಿತು. ಅಲ್ಲಿಯ ಸಿದ್ಧಾರ್ಥ ಪುಸ್ತಕಶಾಲೆಯವರು ಪಂಡಿತರ ಬರವಣಿಗೆಗಳನ್ನು ಪುಸ್ತಕರೂಪದಲ್ಲಿ ಅಚ್ಚುಹಾಕಿಸಿ ಮಾರಿದರು. ಕನ್ನಡನಾಡಿನಲ್ಲಿ ಅಚ್ಚಾದ ಈ ತಮಿಳು ಪುಸ್ತಕಗಳು ತಮಿಳು ಸೀಮೆಗೆ ತಿರುಗಿ ಹೋದುವು.

ಇದು ವಿದ್ಯಾವಿಕ್ರಯವೆ? ನಾನು ಮೊದಲು ಹೇಳಿದ ಮನುವಿನ ಶ್ಲೋಕವನ್ನು ಪೂರ್ತಿಯಾಗಿ ನೋಡಿದರೆ ಉತ್ತರವು ಅಲ್ಲಿಯೇ ಹೊಳೆಯುತ್ತದೆ. ಅದರ ಪೂರ್ವಾರ್ಧದಲ್ಲಿ ಕೂಲಿಗೆ ಪಾಠ ಹೇಳುವವನ ನಿಂದೆ. ಉತ್ತರಾರ್ಧದಲ್ಲಿ ಶೂದ್ರನನ್ನು ಶಿಷ್ಯನನ್ನಾಗಿ ಮಾಡಿಕೊಂಡವನ ನಿಂದೆ. ನಾವು ಪೂರ್ವಾರ್ಧವನ್ನು ಸಭೆಗಳಲ್ಲಿ ಹೊಗಳುವೆವು, ಉತ್ತರಾರ್ಧವನ್ನು ಮೆಲ್ಲನೆ ನುಂಗುವೆವು. ಆದರೆ ಇವೆರಡೂ ಒಂದೇ ವ್ಯವಸ್ಥೆಯ ಎರಡು ಮುಖಗಳು. ಒಳಗಿದ್ದವನಿಗೆ ವಿದ್ಯೆಯು ಬೆಲೆಯಿಲ್ಲದುದು. ಹೊರಗಿದ್ದವನಿಗೆ ಯಾವ ಬೆಲೆಗೂ ದೊರೆಯದುದು. ಹೀಗಿರಲು, ಒಂದು ಪೈಸೆಗೆ ಯಾರು ಬೇಕಾದರೂ ಕೊಳ್ಳಬಹುದಾದ ಪುಸ್ತಕವು ಆ ಶಾಸ್ತ್ರದ ಪ್ರಕಾರ ದೋಷವಾದರೂ ಧರ್ಮದ ಪ್ರಕಾರ ಶಾಸ್ತ್ರದಾನವೇ ಸರಿ. ವ್ಯತ್ಯಾಸವಿಷ್ಟೆ: ಅತ್ತಿಮಬ್ಬೆಯಲ್ಲಿ ದಾತೃ ಒಬ್ಬಳು, ಪ್ರತಿಗ್ರಾಹಿಗಳು ಸಾವಿರ, ಗಣಿಯಲ್ಲಿ ಕೊಳ್ಳುವವನೇ ದಾತೃ, ಏಕೆಂದರೆ ಅವನು ತೆತ್ತ ಪೈಸೆಯಿಂದಲೇ ಮುಂದಿನವನ ಪುಸ್ತಕವು ಅಚ್ಚಾಗಬೇಕು.

ಆದರೂ ಹಳೆಯ ನಿಷೇಧದಲ್ಲಿ ಒಂದು ಸತ್ಯಾಂಶವುಂಟು, ಅದನ್ನು ಕೈಬಿಡಬಾರದು. ಮಾರಾಟವು ನಿರ್ದೋಷವಾಗಬೇಕಾದರೆ ಮೂರು ಲಕ್ಷಣಗಳು ಬೇಕೆಂದು ನನಗೆ ತೋರುತ್ತದೆ. ಮೊದಲನೆಯದು, ಬೆಲೆಯು ಅತ್ಯಂತ ಬಡ ಓದುಗನ ಶಕ್ತಿಯನ್ನು ಮೀರಬಾರದು. ಎರಡನೆಯದು, ಬಂದ ಹಣವು ಕಲಿಯುವವರ ಕೂಟದಲ್ಲಿಯೇ ತಿರುಗಬೇಕು. ಮೂರನೆಯದು, ಕೈಪಿಡಿಯು ಮೂಲಗ್ರಂಥಕ್ಕೆ ಸೋಪಾನವಾಗಬೇಕೇ ಹೊರತು ಅದರ ಸ್ಥಾನವನ್ನು ತಾನೇ ಆಕ್ರಮಿಸಬಾರದು. ಮೂರನೆಯದೇ ಅಧ್ಯಾಪಕರಾದ ನಮಗೆ ಮುಖ್ಯವಾದುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಅಂಚೆ ಮೂಲಕ ಶಿಕ್ಷಣವು ಆರಂಭವಾಗಿ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಅಚ್ಚಿನ ಪಾಠಗಳಿಂದ ಪದವಿ ಪಡೆದವರು ಅಸಂಖ್ಯ. ಒಳ್ಳೆಯ ಪಾಠವು ಪಂಪನ ಬಳಿಗೆ ಕರೆದೊಯ್ಯುತ್ತದೆ. ಕೆಟ್ಟ ಗೈಡು ಪಂಪನನ್ನು ಓದಬೇಕಾಗಿಲ್ಲವೆಂದು ಅಭಯ ಕೊಡುತ್ತದೆ. ವಿದ್ಯಾವಿಕ್ರಯವೆಂಬ ಹೆಸರು ಎರಡನೆಯದಕ್ಕೆ ಸಲ್ಲತಕ್ಕುದು.

2001ನೆಯ ಫೆಬ್ರವರಿ 28ರಲ್ಲಿ ಗಣಿಯು ಮುಚ್ಚಿತು. ಅಂದಿನಿಂದ ಗಣಿಯ ಮಕ್ಕಳು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ದುಡಿದು ರಾತ್ರಿಗೆ ಮನೆ ಸೇರುತ್ತಿರುವರು. ತರಗತಿಗೆ ಹೋಗಲು ಬಿಡುವಿಲ್ಲದ ಇಂಥವರಿಗೆ ಅಂದಿನಂತೆ ಇಂದೂ ಅಚ್ಚಿನ ಪಾಠವೇ ಗುರು. ಇನ್ನೊಂದು ಮಾತು. ಅಯೋತ್ತಿದಾಸರ ಬರೆಹಗಳನ್ನು ಜಿ. ಅಲೋಷಿಯಸ್ ಅವರು 1999ರಲ್ಲಿ ಸಂಕಲಿಸಿ ಪ್ರಕಟಿಸಲು ಸಾಧ್ಯವಾದುದು, ಬಡವರು ಕೊಂಡು ಕಾಪಾಡಿದ ಪ್ರತಿಗಳು ಎಲ್ಲಿಯೋ ಉಳಿದಿದ್ದುದರಿಂದಲ್ಲವೆ? ರಾಜರು ಕೊಟ್ಟ ಓಲೆಗಳನ್ನು ನಾವು ಭಂಡಾರಗಳಲ್ಲಿಟ್ಟು ರಕ್ಷಿಸುತ್ತಿರುವೆವು. ಕಾಲಾಣೆಗೆ ಕೊಂಡ ಪುಸ್ತಕಗಳಿಗೂ ಆ ಭಂಡಾರಗಳಲ್ಲಿ ಸ್ಥಳವಾಗಬೇಕು. ಕನ್ನಡನಾಡಿನಲ್ಲಿ ಅಚ್ಚಾದುವೆಂಬ ಕಾರಣದಿಂದ ಅವು ನಮ್ಮ ಚರಿತ್ರೆಯೂ ಹೌದು. ಕೋಲಾರ ಜಿಲ್ಲೆಯ ಅಧ್ಯಾಪಕ ಮಹಾಶಯರು ಈ ಕಾರ್ಯಕ್ಕೆ ಮನಸ್ಸು ಮಾಡುವರೆಂದು ಹಾರೈಸುವೆನು.