ವಸ್ತ್ರ ಸಮ, ನಿಯಮ ಯಾಕೆ ವಿಷಮ?

ಜೂನ್ ಹತ್ತಿರ ಬಂತೆಂದರೆ ಅಮ್ಮಂದಿರ ಪಾಡು ಕೇಳಲೇಬೇಡಿ. ಪುಸ್ತಕಗಳಿಗೆ ಬೈಂಡ್ ಹಾಕಬೇಕು, ಹೊಸ ಶೂ ತರಬೇಕು, ಯೂನಿಫಾರಂ ಅಂಗಡಿಯಲ್ಲಿ ಗಂಟೆಗಟ್ಟಲೆ ಕಾಯಬೇಕು. ‘ಒಂದು ಸೈಜು ದೊಡ್ಡದೇ ಕೊಡಪ್ಪಾ, ಮುಂದಿನ ವರ್ಷಕ್ಕೂ ಆಗ್ಲಿ’ ಅಂತ ಅಂಗಡಿಯವನ ಜತೆ ಮಾತುಕತೆ ಬೇರೆ. ಈ ಗಡಿಬಿಡಿಯಲ್ಲಿ ಶಾಲೆಯ ಡೈರಿಯಲ್ಲಿ ಅಚ್ಚಾಗಿರುವ ಸಮವಸ್ತ್ರದ ನಿಯಮಗಳನ್ನು ಓದುವ ಪುರುಸೊತ್ತು ಯಾರಿಗಿರುತ್ತೆ ಹೇಳಿ?

ಈ ಸಲ ಒಮ್ಮೆ ಓದಿ ನೋಡಿ. ಎಲ್ಲ ಶಾಲೆಗಳೂ ಹೀಗೇ ಅಂತಲ್ಲ, ಆದರೆ ಸಾಮಾನ್ಯವಾಗಿ ಹುಡುಗರಿಗೆ ಎರಡು ಮೂರು ಸಾಲು ಇರುತ್ತದೆ. ಷರ್ಟು, ಪ್ಯಾಂಟು, ಬೆಲ್ಟು, ತಲೆಕೂದಲು ಚಿಕ್ಕದಾಗಿರಲಿ. ಮುಗೀತು. ಹುಡುಗಿಯರ ಪಟ್ಟಿಯೋ ಹನುಮಂತನ ಬಾಲ. ಸ್ಕರ್ಟು ಮಂಡಿಗಿಂತ ಕೆಳಗಿರಬೇಕು, ದುಪಟ್ಟಾಗೆ ಎರಡೂ ಕಡೆ ಪಿನ್ ಹಾಕಿರಬೇಕು, ಚೂಡಿದಾರದ ಮೇಲೆ ಓವರ್‌ಕೋಟ್ ಇರಲೇಬೇಕು, ಎರಡು ಜಡೆ ಮಡಚಿ ಕಟ್ಟಿರಬೇಕು, ರಿಬ್ಬನ್ ಇಂಥದೇ ಬಣ್ಣ, ಬಳೆ ಇಂತಿಷ್ಟೇ.

ಸಮವಸ್ತ್ರ ಬಂದಿದ್ದೇ ಯಾಕೆ? ಬಡವರ ಮಗು, ಶ್ರೀಮಂತರ ಮಗು ಎನ್ನುವ ಭೇದ ತರಗತಿಯಲ್ಲಿ ಕಾಣಬಾರದು ಅಂತ ತಾನೇ? ಒಳ್ಳೆಯ ಉದ್ದೇಶ, ತಕರಾರಿಲ್ಲ. ಆದರೆ ಒಂದು ಭೇದ ಅಳಿಸಲು ಬಂದ ಬಟ್ಟೆ ಇನ್ನೊಂದು ಭೇದಕ್ಕೆ ಗೆರೆ ಎಳೆಯುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕಲ್ಲವೇ? ಹುಡುಗ, ಹುಡುಗಿ ಬೇರೆ ಬೇರೆ ಬಟ್ಟೆ ತೊಟ್ಟರೆ ಅನ್ಯಾಯವೇನೂ ಆಗುವುದಿಲ್ಲ. ಆ ಬಟ್ಟೆ ಒಬ್ಬರಿಗೆ ಓಡಲು ಬಿಟ್ಟು, ಇನ್ನೊಬ್ಬರನ್ನು ಮುದುರಿ ಕೂರಿಸಿದರೆ ಅದು ಅನ್ಯಾಯ.

ಆಟ ಕಸಿಯುವ ಬಟ್ಟೆ

ಮಗಳನ್ನು ಶಾಲೆಗೆ ಬಿಡಲು ಹೋದಾಗ ಐದು ನಿಮಿಷ ಗೇಟಿನ ಬಳಿ ನಿಂತು ನೋಡಿ. ಬೆಲ್ ಹೊಡೆಯುವ ಮುಂಚೆ ಹುಡುಗರು ಮೈದಾನದ ತುಂಬಾ ಇರುತ್ತಾರೆ. ಐದನೇ ಕ್ಲಾಸು ದಾಟಿದ ಹುಡುಗಿಯರಲ್ಲಿ ಹೆಚ್ಚಿನವರು ಮರದ ಕೆಳಗೋ, ಮೆಟ್ಟಿಲ ಮೇಲೋ ಗುಂಪಾಗಿ ನಿಂತಿರುತ್ತಾರೆ. ‘ಹೆಣ್ಣುಮಕ್ಕಳಿಗೆ ಆಟದಲ್ಲಿ ಅಷ್ಟು ಆಸಕ್ತಿ ಇರಲ್ಲ ಬಿಡ್ರಿ’ ಅಂತ ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಖೋ ಖೋದಲ್ಲಿ ಕುಕ್ಕರಗಾಲಲ್ಲಿ ಕೂತು ಚಂಗನೆ ಎದ್ದು ಓಡಬೇಕು. ಮಂಡಿಯವರೆಗಿನ ಸ್ಕರ್ಟು ತೊಟ್ಟು ಅದನ್ನು ಮಾಡುವುದು ಹೇಗೆ? ಒಂದು ಕೈಯಲ್ಲಿ ಬಟ್ಟೆ ಹಿಡಿದುಕೊಂಡು, ಯಾರಾದರೂ ನೋಡ್ತಾರಾ ಅಂತ ಕಣ್ಣಾಡಿಸುತ್ತಾ ಎಂಥ ಆಟ?

ಇದು ಬರೀ ಅಮ್ಮಂದಿರ ಊಹೆಯಲ್ಲ. ಆಸ್ಟ್ರೇಲಿಯಾದಲ್ಲಿ 10 ವರ್ಷದ ಮಕ್ಕಳನ್ನು ಗಮನಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಾಮೂಲಿ ಯೂನಿಫಾರಂ ತೊಟ್ಟ ದಿನಕ್ಕಿಂತ ಕ್ರೀಡಾ ಉಡುಪು ತೊಟ್ಟ ದಿನ ಹುಡುಗಿಯರು ಬಿಡುವಿನ ವೇಳೆಯಲ್ಲಿ ಹೆಚ್ಚು ಓಡಾಡಿದ್ದರು. ಹುಡುಗರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 135 ದೇಶ, ಪ್ರಾಂತ್ಯಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಬಹುಪಾಲು ಶಾಲೆಗಳಲ್ಲಿ ಸಮವಸ್ತ್ರ ಕಡ್ಡಾಯ ಇರುವ ಕಡೆ, ಪ್ರಾಥಮಿಕ ಶಾಲೆಯ ಹುಡುಗ ಹುಡುಗಿಯರ ದೈಹಿಕ ಚಟುವಟಿಕೆಯ ನಡುವಿನ ಅಂತರ ಹೆಚ್ಚಿತ್ತು. ಸಮವಸ್ತ್ರವೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ ಎಂದು ಅವರೇ ಎಚ್ಚರಿಸಿದ್ದಾರೆ. ಆದರೂ ಯೋಚಿಸುವಂಥ ಮಾತು ಹೌದಲ್ಲವೇ? 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ಬಗ್ಗಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಂಜೆ ಟ್ಯೂಷನ್, ಹೋಂವರ್ಕ್ ಅಂತ ಮನೆಯಲ್ಲೇ ಉಳಿಯುವ ನಮ್ಮ ಹುಡುಗಿಯರಿಗೆ ಶಾಲೆಯ ಆ ಅರ್ಧ ಗಂಟೆಯ ಬಿಡುವೂ ತಪ್ಪಿದರೆ ಇನ್ನೇನು ಉಳಿಯಿತು?

ತಮಾಷೆ ಏನು ಗೊತ್ತಾ? ಸರ್ಕಾರಿ ಪ್ರೌಢಶಾಲೆಯ ಹುಡುಗಿಯರು ಚೂಡಿದಾರ ತೊಟ್ಟು ಆರಾಮಾಗಿ ಸೈಕಲ್ ತುಳಿದುಕೊಂಡು ಹೋಗುವುದನ್ನು ನೀವು ಹಳ್ಳಿ ಕಡೆ ನೋಡಿರುತ್ತೀರಿ. ಇತ್ತ ನಗರದಲ್ಲಿ ಲಕ್ಷಗಟ್ಟಲೆ ಫೀಸು ಕಟ್ಟುವ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿಗೂ ನೆರಿಗೆ ಸ್ಕರ್ಟೇ ಗತಿ!

ಬೆಳಗಿನ ಅರ್ಧ ಗಂಟೆ, ತಿಂಗಳ ಆ ದಿನಗಳು

ಮನೆಯಲ್ಲಿ ಮಗ, ಮಗಳು ಇಬ್ಬರೂ ಇದ್ದರೆ ನಿಮಗೆ ಬೇಗ ಅರ್ಥವಾಗುತ್ತದೆ. ಇಬ್ಬರಿಗೂ ಒಂದೇ ಶಾಲೆ, ಒಂದೇ ವ್ಯಾನು. ಆದರೂ ಮಗಳನ್ನು ಅರ್ಧ ಗಂಟೆ ಮುಂಚೆ ಎಬ್ಬಿಸಬೇಕು. ಎರಡು ಜಡೆ ಹೆಣೆದು ಮಡಚಿ ಕಟ್ಟುವಷ್ಟರಲ್ಲಿ ಕುಕ್ಕರ್ ಮೂರು ಸೀಟಿ ಹಾಕಿರುತ್ತದೆ. ನೆರಿಗೆಯ ಇಸ್ತ್ರಿ ಕೆಲಸ ಬೇರೆ, ಅದು ನಿಮ್ಮ ಪಾಲಿಗೆ. ವಾರಕ್ಕೆ ಎಷ್ಟು ಗಂಟೆಯ ನಿದ್ದೆ ಆ ಮಗುವಿಗೆ ಖೋತಾ ಆಯಿತು, ಲೆಕ್ಕ ಹಾಕಿ.

ಇನ್ನು ಬಿಳಿ ಯೂನಿಫಾರಂ. ವಾರದಲ್ಲಿ ಒಂದೆರಡು ದಿನ ಅಡಿಯಿಂದ ಮುಡಿಯವರೆಗೆ ಬಿಳಿ ತೊಡಬೇಕೆಂಬ ನಿಯಮ ಎಷ್ಟೋ ಶಾಲೆಗಳಲ್ಲಿದೆ. ಕಾಗದದ ಮೇಲೆ ಇಬ್ಬರಿಗೂ ಒಂದೇ ನಿಯಮ. ಆದರೆ ಮುಟ್ಟಾದ ಹುಡುಗಿಗೆ ಆ ದಿನ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಂಚಿನಿಂದ ಎದ್ದಾಗಲೆಲ್ಲ ‘ಹಿಂದೆ ನೋಡೇ’ ಅಂತ ಗೆಳತಿಯನ್ನು ಕೇಳುವುದು, ಪಾಠದ ಕಡೆ ಮನಸ್ಸು ಇಲ್ಲದಿರುವುದು, ಕೊನೆಗೆ ‘ಹೊಟ್ಟೆ ನೋವು’ ಅಂತ ರಜೆ. ಅಪ್ಪಟ ಬಿಳಿ ಉಡುಪಿನ ಕಟ್ಟುನಿಟ್ಟಿಗೆ ಹೆಸರಾದ ವಿಂಬಲ್ಡನ್ ಟೆನಿಸ್ ಟೂರ್ನಿಯೇ ಈ ಕಷ್ಟ ಅರ್ಥ ಮಾಡಿಕೊಂಡು 2023ರಿಂದ ಆಟಗಾರ್ತಿಯರಿಗೆ ಒಳಗೆ ಗಾಢ ಬಣ್ಣದ ಚಡ್ಡಿ ತೊಡಲು ಅವಕಾಶ ಕೊಟ್ಟಿದೆ. ನೂರು ವರ್ಷಕ್ಕೂ ಹೆಚ್ಚು ಹಳೆಯ ಕ್ಲಬ್ಬು ಬದಲಾಗಬಹುದಾದರೆ ನಮ್ಮ ಏರಿಯಾದ ಶಾಲೆ ಬದಲಾಗಬಾರದೇ?

ಜೇಬಿನ ಮಾತೂ ಹೇಳಿಬಿಡೋಣ. ಹುಡುಗನ ಪ್ಯಾಂಟಿಗೆ ಮೂರು ನಾಲ್ಕು ಜೇಬು. ಹುಡುಗಿಯ ಸ್ಕರ್ಟು, ಚೂಡಿದಾರಕ್ಕೆ ಎಷ್ಟೋ ಸಲ ಒಂದೂ ಇರುವುದಿಲ್ಲ. ಪ್ಯಾಡನ್ನು ಯಾರಿಗೂ ಕಾಣದಂತೆ ಟಾಯ್ಲೆಟ್ಟಿಗೆ ಒಯ್ಯಬೇಕಾದವಳು ಅವಳೇ, ಜೇಬಿಲ್ಲದವಳೂ ಅವಳೇ!

ಗಂಡುಮಕ್ಕಳಿಗೂ ನ್ಯಾಯ ಬೇಕು

‘ಏನು, ಬರೀ ಹೆಣ್ಣುಮಕ್ಕಳ ಪರವೇ ಮಾತಾಡ್ತೀರಲ್ಲ’ ಅನ್ನಬೇಡಿ. ಹುಡುಗರಿಗೂ ಅನ್ಯಾಯ ಆಗುತ್ತದೆ. ಅಕ್ಕನ ಜಡೆ ಮಾರುದ್ದ ಇದ್ದರೂ ಪರವಾಗಿಲ್ಲ, ತಮ್ಮನ ಕೂದಲು ಕಿವಿಗೆ ತಾಗಿದರೆ ಪ್ರಾರ್ಥನೆ ಸಾಲಿನಿಂದ ಆಚೆ. ಶುಚಿ, ಶಿಸ್ತು ಬೇಕು ಸರಿ. ಎತ್ತಿ ಕಟ್ಟಿದ ಕೂದಲು ಹುಡುಗಿಗೆ ಶಿಸ್ತಾದರೆ ಹುಡುಗನಿಗೆ ಅಶಿಸ್ತು ಹೇಗಾಯಿತು?

ಇಂಗ್ಲೆಂಡಿನ ಎಕ್ಸೆಟರ್ ಊರಿನ ಇಸ್ಕಾ ಅಕಾಡೆಮಿಯಲ್ಲಿ 2017ರ ಜೂನ್‌ನಲ್ಲಿ ಒಂದು ಪ್ರಸಂಗ ನಡೆಯಿತು. ಬಿಸಿಲು ಜೋರಾಗಿತ್ತು. ಚಡ್ಡಿ ಹಾಕಿಕೊಂಡು ಬರ್ತೀವಿ ಎಂದ ಹುಡುಗರಿಗೆ ಶಾಲೆ ಅನುಮತಿ ಕೊಡಲಿಲ್ಲ. ನಿಯಮದಲ್ಲಿ ಚಡ್ಡಿ ಇರಲಿಲ್ಲ, ಸ್ಕರ್ಟು ಇತ್ತು! ಸರಿ, ಹತ್ತಾರು ಹುಡುಗರು ಸ್ಕರ್ಟು ತೊಟ್ಟೇ ಶಾಲೆಗೆ ಹೋದರು. ಸುದ್ದಿ ಜಗತ್ತೆಲ್ಲ ಹಬ್ಬಿತು. ಮುಂದಿನ ವರ್ಷದಿಂದ ಚಡ್ಡಿಗೂ ಅವಕಾಶ ಕೊಡುತ್ತೇವೆ ಎಂದು ಶಾಲೆ ಹೇಳಿತು. ನಗು ಬರುತ್ತದೆ, ಆದರೆ ಆ ಮಕ್ಕಳು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ.

ಪಕ್ಕದ ಮನೆಯ ಪಾಠ

ದೂರ ಯಾಕೆ, ನೆರೆಯ ಕೇರಳಕ್ಕೇ ಬನ್ನಿ. ಎರ್ನಾಕುಲಂ ಜಿಲ್ಲೆಯ ವಳಯಂಚಿರಂಗರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹುಡುಗ ಹುಡುಗಿಯರೆಲ್ಲರಿಗೂ ಷರ್ಟು, ಮಂಡಿ ಕೆಳಗಿನವರೆಗೆ ಬರುವ ಚಡ್ಡಿ. 2018ರಲ್ಲಿ ಹುಟ್ಟಿದ ಈ ಆಲೋಚನೆಗೆ ಅಲ್ಲಿನ ಪೋಷಕರ ಬೆಂಬಲವೂ ಸಿಕ್ಕಿತು. 2021ರ ಡಿಸೆಂಬರ್‌ನಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆ ಪ್ಲಸ್ ಒನ್ ವಿದ್ಯಾರ್ಥಿಗಳೆಲ್ಲರಿಗೂ ಪ್ಯಾಂಟು, ಷರ್ಟು ತಂದಾಗ ಮಾತ್ರ ಕೆಲವು ಸಂಘಟನೆಗಳು ಪ್ರತಿಭಟಿಸಿದವು. ತಲೆವಸ್ತ್ರ, ತುಂಬುತೋಳು ಬೇಕೆನ್ನುವವರಿಗೆ ಅದಕ್ಕೂ ಅವಕಾಶವಿದೆ ಎಂದು ಶಾಲೆ ಹೇಳಿದರೂ ಚರ್ಚೆ ನಿಲ್ಲಲಿಲ್ಲ. ಕೊನೆಗೆ 2022ರ ಆಗಸ್ಟ್‌ನಲ್ಲಿ, ಸರ್ಕಾರ ಯಾವುದೇ ಸಮವಸ್ತ್ರವನ್ನು ಹೇರುವುದಿಲ್ಲ ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಸ್ಪಷ್ಟಪಡಿಸಬೇಕಾಯಿತು.

ಇದರಲ್ಲಿ ನಮಗೊಂದು ಪಾಠವಿದೆ. ಎಲ್ಲರಿಗೂ ಪ್ಯಾಂಟು ಹೊಲಿಸಿಬಿಟ್ಟರೆ ಸಮಾನತೆ ಬಂತು ಅಂತಲ್ಲ. ಚೂಡಿದಾರದಲ್ಲೇ ಹಾಯಾಗಿರುವ ಹುಡುಗಿಗೆ ಬಲವಂತವಾಗಿ ಪ್ಯಾಂಟು ಹಾಕಿಸುವುದೂ ಬಲವಂತವೇ. ಆಯ್ಕೆ ಕೊಡಿ, ಅಷ್ಟೇ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ಆಗಿದ್ದು ಅದೇ. ಸ್ಕರ್ಟು ಇರಲಿ, ಜತೆಗೆ ಪ್ಯಾಂಟು, ಚಡ್ಡಿಯೂ ಹುಡುಗಿಯರಿಗೆ ಸಿಗಲಿ ಎಂದರು.

ಅಮೆರಿಕದಲ್ಲಂತೂ ಇದು ಕೋರ್ಟು ಮೆಟ್ಟಿಲೇರಿತು. ನಾರ್ತ್ ಕೆರೊಲಿನಾದ ಚಾರ್ಟರ್ ಡೇ ಸ್ಕೂಲ್‌ನಲ್ಲಿ ಹುಡುಗಿಯರು ಪ್ಯಾಂಟು ಹಾಕುವಂತಿರಲಿಲ್ಲ. ಹೆಣ್ಣು ನಾಜೂಕಾದವಳು, ಅವಳನ್ನು ಗೌರವದಿಂದ ಕಾಣುವುದನ್ನು ಹುಡುಗರು ಕಲಿಯಲಿ ಅಂತ ಸ್ಥಾಪಕರ ಸಮರ್ಥನೆ. ಸ್ಕರ್ಟಿನಿಂದಾಗಿ ಹತ್ತುವ, ಜೋಕಾಲಿ ಆಡುವ, ಫುಟ್‌ಬಾಲ್ ಒದೆಯುವ ಆಟಗಳನ್ನೇ ಬಿಟ್ಟೆವು ಎಂದರು ಹುಡುಗಿಯರು. 2016ರಲ್ಲಿ ಹೂಡಿದ ದಾವೆಯಲ್ಲಿ 2022ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಆ ನಿಯಮ ಸಮಾನತೆಯ ಹಕ್ಕಿಗೆ ವಿರುದ್ಧ ಎಂದಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಶಾಲೆಯ ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

‘ಕಾಲ ಸರಿಯಿಲ್ಲ’ ಎನ್ನುವ ಅಮ್ಮಂದಿರಿಗೆ

‘ಅಯ್ಯೋ, ಕಾಲ ಸರಿಯಿಲ್ಲ ಕಣ್ರೀ. ದುಪಟ್ಟಾ, ಓವರ್‌ಕೋಟ್ ಇದ್ರೇನೇ ಕ್ಷೇಮ’ ಎನ್ನುವ ತಾಯಂದಿರಿದ್ದಾರೆ. ಅವರ ಭಯ ಸುಳ್ಳಲ್ಲ. ಹೆತ್ತ ಹೊಟ್ಟೆಯ ಸಂಕಟ ಯಾರಿಗೆ ಗೊತ್ತಿಲ್ಲ? ಆದರೆ ಹುಡುಗನ ಕಣ್ಣು ದಾರಿ ತಪ್ಪಿದರೆ ಹುಡುಗಿಯ ಬಟ್ಟೆ ತಿದ್ದುವುದು ಯಾವ ನ್ಯಾಯ? ಏಪ್ರಿಲ್ ಸೆಕೆಯಲ್ಲಿ ಮೂರು ಪದರ ಬಟ್ಟೆ ಹೊದ್ದು ಕೂತ ಹನ್ನೆರಡರ ಹುಡುಗಿ ಪಾಠದ ಜತೆಗೆ ಇನ್ನೊಂದನ್ನೂ ಕಲಿಯುತ್ತಿರುತ್ತಾಳೆ. ‘ಬೇರೆಯವರು ನನ್ನನ್ನು ಹೇಗೆ ನೋಡುತ್ತಾರೋ ಅದಕ್ಕೆ ನಾನೇ ಹೊಣೆ’ ಅನ್ನುವುದನ್ನು. ನಾಳೆ ಅವಳಿಗೆ ಏನಾದರೂ ಕೆಟ್ಟದ್ದಾದರೆ, ಈ ಪಾಠವೇ ಅವಳ ಬಾಯಿ ಕಟ್ಟುತ್ತದೆ. ‘ತಪ್ಪು ನನ್ನದೇ ಇರಬೇಕು’ ಅಂದುಕೊಂಡು ನಿಮ್ಮ ಬಳಿಯೂ ಹೇಳದೆ ಇರುತ್ತಾಳೆ. ಆಗ ಯಾವ ಓವರ್‌ಕೋಟು ಕಾಪಾಡೀತು?

ನೀವೇನು ಮಾಡಬಹುದು?

* ನಿಯಮಪಟ್ಟಿ ಓದಿ. ಪ್ರತಿ ನಿಯಮದ ಮುಂದೆ ಮೂರು ಪ್ರಶ್ನೆ ಹಾಕಿ: ಇದನ್ನು ತೊಟ್ಟು ಓಡಬಹುದೇ? ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂರಬಹುದೇ? ಇದೇ ನಿಯಮವನ್ನು ಇನ್ನೊಬ್ಬರಿಗೆ ಹಾಕಿದರೆ ಒಪ್ಪುತ್ತೇವೆಯೇ?

* ಮೊದಲು ಮಗಳನ್ನು, ಮಗನನ್ನು ಕೇಳಿ. ಬಟ್ಟೆ ತೊಡುವವರು ಅವರು. ಎಲ್ಲಿ ಚುಚ್ಚುತ್ತದೆ, ಯಾವಾಗ ಮುಜುಗರವಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

* ಒಬ್ಬರೇ ಹೋಗಬೇಡಿ. ನಾಲ್ಕಾರು ತಾಯಂದಿರು ಸೇರಿ, ಅಪ್ಪಂದಿರನ್ನೂ ಕರೆದುಕೊಂಡು ಪೋಷಕರ ಸಭೆಯಲ್ಲಿ ಮಾತಾಡಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಇದೆ. ದೂರಿನ ದನಿ ಬೇಡ. ‘ಆಟದ ದಿನ ಎಲ್ಲರಿಗೂ ಟ್ರ್ಯಾಕ್ ಪ್ಯಾಂಟ್ ಇರಲಿ, ಬಿಳಿ ಬಟ್ಟೆಯ ಬದಲು ಗಾಢ ಬಣ್ಣ ಇರಲಿ’ ಅಂತ ನಿರ್ದಿಷ್ಟವಾಗಿ ಕೇಳಿ. ಬರೆದು ಕೊಡಿ.

* ಕಾನೂನು ತಿಳಿದಿರಿ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಅನ್ವಯಿಸುವ 1995ರ ನಿಯಮಾವಳಿಯ 11ನೇ ನಿಯಮದಂತೆ, ಶಾಲೆ ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು 5 ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಪೋಷಕರಿಗೆ ಕನಿಷ್ಠ 1 ವರ್ಷ ಮುಂಚೆ ತಿಳಿಸಬೇಕು. ಪದೇ ಪದೇ ಬಟ್ಟೆ ಬದಲಿಸಿ ನಮ್ಮ ಜೇಬಿಗೆ ಕತ್ತರಿ ಹಾಕದಿರಲಿ ಎಂದೇ ಈ ನಿಯಮ. ಹಾಗಾಗಿ ಹೊಸ ವಿನ್ಯಾಸ ನಿರ್ಧಾರವಾಗುವ ಮುಂಚೆಯೇ ಮಾತಾಡಬೇಕು. ‘ನಿಮ್ಮ ಐದು ವರ್ಷ ಯಾವಾಗ ಮುಗಿಯುತ್ತದೆ?’ ಎಂದು ಕೇಳುವ ಹಕ್ಕು ನಿಮಗಿದೆ.

* ಅವಮಾನ ಸಹಿಸಬೇಡಿ. ಎಲ್ಲರೆದುರು ಸ್ಕರ್ಟಿನ ಉದ್ದ ಅಳೆಯುವುದು, ಹುಡುಗನ ಕೂದಲಿಗೆ ಅಲ್ಲೇ ಕತ್ತರಿ ಹಾಕುವುದು ಶಿಸ್ತಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

* ಅಲ್ಲಿಯವರೆಗೆ ಮನೆಮದ್ದು ಮಾಡಿ. ಸ್ಕರ್ಟಿನ ಒಳಗೆ ಗಾಢ ಬಣ್ಣದ ಸೈಕ್ಲಿಂಗ್ ಶಾರ್ಟ್ಸ್ ಹಾಕಿ ಕಳಿಸಿ. ಟೈಲರ್‌ಗೆ ಹೇಳಿ ಪಕ್ಕದ ಹೊಲಿಗೆಯಲ್ಲಿ ಒಂದು ಜೇಬು ಇಡಿಸಿ. ಹೊರಗೆ ಕಾಣುವುದಿಲ್ಲ, ಯಾವ ನಿಯಮವೂ ಮುರಿಯುವುದಿಲ್ಲ.

ಬಟ್ಟೆ ದೊಡ್ಡ ವಿಷಯವೇ ಅಲ್ಲ, ಮಾರ್ಕ್ಸ್ ಬಂದರೆ ಸಾಕು ಎನ್ನುವವರೂ ಇದ್ದಾರೆ. ಆದರೆ ಎಲ್‌ಕೆಜಿಯಿಂದ ಹತ್ತನೇ ತರಗತಿಯವರೆಗೆ ಹನ್ನೆರಡು ವರ್ಷ, ದಿನಕ್ಕೆ ಏಳೆಂಟು ಗಂಟೆ ನಮ್ಮ ಮಕ್ಕಳು ಇರುವುದು ಅದೇ ಬಟ್ಟೆಯಲ್ಲಿ. ಓಡಿ ಬಿದ್ದು ಮಂಡಿ ತರಚಿಕೊಳ್ಳುವ ಸುಖ ಮಗನಿಗಿದ್ದಷ್ಟೇ ಮಗಳಿಗೂ ಇರಲಿ. ಮುಂದಿನ ಪೋಷಕರ ಸಭೆಗೆ ಹೋಗುವಾಗ ಪ್ರೋಗ್ರೆಸ್ ಕಾರ್ಡಿನ ಜತೆ ಆ ಡೈರಿಯನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ಏನಂತೀರಿ?