ಗಾಡಿಗೆ ಎಸಿ, ಎಸಿಗೆ ಜನರೇಟರ್: ಕೊಳ್ಳುವ ಮುನ್ನ ಹೊಗೆಯ ದಾರಿ ನೋಡ್ರಿ

ಸೊಲ್ಲಾಪುರ: ಏಪ್ರಿಲ್ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದೇ ಹೊತ್ತಿಗೆ ಸಾಲಿ ಸೂಟಿ. ಪಂಢರಪುರ, ತುಳಜಾಪುರ, ಗಾಣಗಾಪುರ ಮುಗಿಸಿ ಕೊಂಕಣಕ್ಕೋ ಕೇರಳಕ್ಕೋ ಗಾಡಿ ತಿರುಗಿಸುವ ಕುಟುಂಬಗಳೂ ಇವೆ. ಇಂಥವರಿಗೆ ಈಗ ಹೊಸ ಆಸೆಯೊಂದು ಹತ್ತಿದೆ. ಹಾಸಿಗೆ, ಸಣ್ಣ ಅಡುಗೆ ಕಟ್ಟೆ, ಎಸಿ ಎಲ್ಲಾ ಒಳಗೇ ಇರುವ ಕ್ಯಾರವಾನ್ ಗಾಡಿ. ಮಹಾರಾಷ್ಟ್ರ, ಕೇರಳ ಎರಡೂ ಸರ್ಕಾರಗಳು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿವೆ. ಬಾಡಿಗೆಗೆ ತರುವವರು ಕೆಲವರು, ಹಳೇ ಟೆಂಪೊ ಟ್ರಾವೆಲರ್‌ಗೇ ಹಾಗೆ ಬಾಡಿ ಕಟ್ಟಿಸಬೇಕೆನ್ನುವವರು ಇನ್ನು ಕೆಲವರು.

ಗಾಡಿ ಓಡುವಾಗ ಇಂಜಿನ್ನಿನ ಬಲದಿಂದ ಎಸಿ ನಡೆಯುತ್ತದೆ. ರಾತ್ರಿ ಗಾಡಿ ನಿಂತ ಮೇಲೆ ಏನು? ಆಗ ಬೇರೆ ಕರೆಂಟ್ ಬೇಕು. ಅಲ್ಲಿಂದಲೇ ಜನರೇಟರ್ ಮಾತು ಶುರು. ಅಂಗಡಿಗೆ ಹೋದವರು ಮೊದಲು ಕೇಳುವುದು ಎಷ್ಟು ಕೆವಿಎ, ಎಷ್ಟು ರೇಟು ಅಂತ. ಅದು ಬೇಕಾದ ಪ್ರಶ್ನೆಯೇ ಸರಿ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಅದರ ಹೊಗೆ ಎಲ್ಲಿಗೆ ಹೋಗುತ್ತದೆ?

ವಡಗರ ಹೇಳಿದ ಪಾಠ

ಕಾಸರಗೋಡಿನಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋದರೆ ಕೋಯಿಕ್ಕೋಡ್ ಜಿಲ್ಲೆಯ ವಡಗರ ಸಿಗುತ್ತದೆ. 2024ರ ಡಿಸೆಂಬರ್ 23ರಂದು ಅಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರ ಶವ ಸಿಕ್ಕವು. ಇಬ್ಬರೂ ಆ ಗಾಡಿಯ ಮೇಲೆ ಕೆಲಸಕ್ಕಿದ್ದವರು. ಜನರೇಟರ್ ಹಚ್ಚಿ, ಎಸಿ ಹಾಕಿಕೊಂಡು ಮಲಗಿದ್ದರು.

ಕೋಯಿಕ್ಕೋಡಿನ ಎನ್‌ಐಟಿ ತಜ್ಞರು ಆಮೇಲೆ ಅದೇ ಗಾಡಿಯಲ್ಲಿ ಜನರೇಟರ್ ಚಾಲೂ ಮಾಡಿ ಪರೀಕ್ಷೆ ಮಾಡಿದರು. ಗಾಡಿಯ ತಳದಲ್ಲಿದ್ದ ತೂತಿನ ಮೂಲಕ ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತಿತ್ತು. ಎರಡು ತಾಸಿನಲ್ಲಿ ಅದರ ಪ್ರಮಾಣ 957 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 957 ಭಾಗ ತಲುಪಿತು. ಕೆಲಸದ ಜಾಗದಲ್ಲಿ ಯಾವ ಹೊತ್ತಿನಲ್ಲೂ 200 ಮೀರಬಾರದು ಎಂಬುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಮಿತಿ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಎಚ್ಚರ ಇದ್ದವರಿಗೆ ತಲೆನೋವು, ವಾಂತಿ ಬಂದಂತೆ, ತಲೆ ತಿರುಗಿದಂತೆ ಆಗುತ್ತದೆ. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ಎಸಿ ಹಾಕಿದ್ದೇವಲ್ಲ, ಗಾಳಿ ಬರುತ್ತದಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಸಾಮಾನ್ಯ ಎಸಿ ಹೊರಗಿನ ಹೊಸ ಗಾಳಿ ತರುವುದಿಲ್ಲ, ಒಳಗಿದ್ದದ್ದನ್ನೇ ತಂಪು ಮಾಡಿ ತಿರುಗಿಸುತ್ತದೆ. ಮೇಲಾಗಿ ತಂಪು ಹೋಗಬಾರದೆಂದು ನಾವೇ ಕಿಟಕಿ ಮುಚ್ಚಿರುತ್ತೇವೆ.

ಕೆವಿಎ ಲೆಕ್ಕ ಹೀಗೆ

ಈಗ ಲೆಕ್ಕಕ್ಕೆ ಬರೋಣ. ಒಂದು ಟನ್ ಎಸಿ ಅಂದರೆ ತಾಸಿಗೆ 12,000 ಬಿಟಿಯು ಶಾಖ ಹೊರಹಾಕುವ ಎಸಿ. ಇದು ನಡೆಯುವಾಗ ಸುಮಾರು 1,100 ವ್ಯಾಟ್ ಎಳೆಯುತ್ತದೆ. ಸಣ್ಣ ಫ್ರಿಜ್, ಎರಡು ಫ್ಯಾನು, ಲೈಟು, ಮೊಬೈಲ್ ಚಾರ್ಜಿಂಗ್ ಎಲ್ಲಾ ಕೂಡಿಸಿದರೆ ಇನ್ನೊಂದು 300 ವ್ಯಾಟ್. ಒಟ್ಟು 1,400.

ಜನರೇಟರ್ ಮೇಲೆ 2 ಕೆವಿಎ ಅಂತ ಬರೆದಿದ್ದರೆ ಅದು 2,000 ವ್ಯಾಟ್ ಕೊಡುತ್ತದೆ ಅಂತಲ್ಲ. ಪವರ್ ಫ್ಯಾಕ್ಟರ್ 0.8 ಹಿಡಿದರೆ ಸಿಗುವುದು 1,600. ಪ್ಲೇಟಿನ ಮೇಲೆ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ, 'ಮ್ಯಾಕ್ಸಿಮಮ್' ಒಂದು, 'ರೇಟೆಡ್' ಒಂದು. ದೊಡ್ಡದು ಸ್ವಲ್ಪ ಹೊತ್ತಿಗೆ ಮಾತ್ರ. ರಾತ್ರಿಯೆಲ್ಲಾ ನಡೆಯುವುದು ರೇಟೆಡ್ ಅಂಕಿಯ ಮೇಲೆ. ಅದರ ವ್ಯಾಟ್ ಎಷ್ಟು ಎಂದು ಕೇಳಿಯೇ ದುಡ್ಡು ಕೊಡಬೇಕು.

1,600 ಇದೆ, ನಮಗೆ 1,400 ಸಾಕು ಅಂದುಕೊಂಡರೆ ಅಲ್ಲೊಂದು ತೊಡಕು. ಹಳೇ ಮಾದರಿಯ, ಅಂದರೆ ಇನ್ವರ್ಟರ್ ಅಲ್ಲದ ಎಸಿಯ ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಅಷ್ಟೇ. ಆದರೆ ಅಷ್ಟರಲ್ಲೇ ಸಣ್ಣ ಜನರೇಟರ್ ಟ್ರಿಪ್ ಆಗುತ್ತದೆ. ಅಮೆರಿಕದಲ್ಲಿ ಇಂಥ ಗಾಡಿಗಳಿಗೆ ಆರ್‌ವಿ ಅಂತಾರೆ. ಅವುಗಳ ಮಾಳಿಗೆ ಮೇಲೆ ಕೂಡುವ ಎಸಿಗಳು ಹೆಚ್ಚಾಗಿ 13,500 ಅಥವಾ 15,000 ಬಿಟಿಯು. ಕೈಯಲ್ಲಿ ಎತ್ತಿಕೊಂಡು ಹೋಗುವ 2,000 ವ್ಯಾಟಿನ ಜನರೇಟರಿಗೆ ಇವನ್ನು ಶುರು ಮಾಡುವುದು ಕಷ್ಟ. ಅದಕ್ಕೇ ಅಲ್ಲಿನವರು 3,000 ವ್ಯಾಟಿನ ಮೇಲಿನದನ್ನು ಕೊಳ್ಳುತ್ತಾರೆ, ಇಲ್ಲವೇ ಎಸಿಗೆ 'ಸಾಫ್ಟ್ ಸ್ಟಾರ್ಟರ್' ಎಂಬ ಸಾಧನ ಜೋಡಿಸುತ್ತಾರೆ. ಅದು ಆರಂಭದ ಆ ಹೊಡೆತವನ್ನು ತಗ್ಗಿಸುತ್ತದೆ.

ನಮ್ಮ ಕಡೆಯ ಲೆಕ್ಕ ಸರಳ. ಒಂದು ಟನ್ನಿನ ಹಳೇ ಮಾದರಿ ಎಸಿ ಇದ್ದರೆ 3 ಕೆವಿಎಗಿಂತ ಕೆಳಗೆ ಇಳಿಯಬೇಡಿ. ಇನ್ವರ್ಟರ್ ಎಸಿ ನಿಧಾನವಾಗಿ ವೇಗ ಏರಿಸಿಕೊಳ್ಳುತ್ತದೆ, ಅದಕ್ಕೆ 2.5 ಕೆವಿಎ ನಡೆಯುತ್ತದೆ. ದೊಡ್ಡ ಜನರೇಟರ್ ಕೊಳ್ಳುವ ಮುಂಚೆ ಎಸಿ ಬದಲಿಸಿದರೆ ಎಷ್ಟಾಗುತ್ತದೆ ಎಂದೂ ಕೂಡಿಸಿ ನೋಡ್ರಿ.

ಇನ್ನೊಂದು ಮಾತು. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳು, ಇಂಜಿನ್ನಿನ ಶಕ್ತಿ ಕಡಿಮೆ. ಪ್ರತಿ 300 ಮೀಟರಿಗೆ ಸುಮಾರು ಶೇ. 3.5ರಷ್ಟು ಇಳಿಯುತ್ತದೆ. ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದಲ್ಲಿ ಶೇ. 15ರಷ್ಟು ಹೋಯಿತೆಂದೇ ಲೆಕ್ಕ. ಅಲ್ಲಿನ ತಂಪಿನಲ್ಲಿ ಎಸಿ ಯಾಕೆ ಅನ್ನಬಹುದು, ಅದೂ ಖರೆ. ಆದರೆ ಬಯಲುಸೀಮೆಯ ಬಿಸಿಲಿಗೂ ಇಂಜಿನ್ ಸೊರಗುತ್ತದೆ. ಹೀಗಾಗಿ ನಾಲ್ಕರಲ್ಲೊಂದು ಭಾಗ ಶಕ್ತಿ ಮಿಕ್ಕಿರುವಂತೆ ಕೊಳ್ಳುವುದು ಶಹಾಣತನ.

ಒಂದು ರಾತ್ರಿಯ ಖರ್ಚು

ಒಂದು ಕಿಲೋವ್ಯಾಟ್ ಲೋಡಿಗೆ ಸಣ್ಣ ಪೆಟ್ರೋಲ್ ಜನರೇಟರ್ ತಾಸಿಗೆ ಅರ್ಧ ಲೀಟರಿನ ಮೇಲೆಯೇ ಕುಡಿಯುತ್ತದೆ. ಎಂಟು ತಾಸಿಗೆ ಐದು ಲೀಟರ್ ಹಿಡಿಯಿರಿ. ಲೀಟರಿಗೆ ನೂರು ರೂಪಾಯಿ ಹಿಡಿದರೂ ರಾತ್ರಿಗೆ ಐದುನೂರು ರೂಪಾಯಿ. ಹತ್ತು ರಾತ್ರಿಗೆ ಐದು ಸಾವಿರ. ಆಯಿಲ್, ಸರ್ವಿಸಿಂಗ್ ಬೇರೆ.

ಸಪ್ಪಳದ್ದೂ ಲೆಕ್ಕ ಇದೆ. ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದದ ಮಿತಿ 45 ಡೆಸಿಬೆಲ್ ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಇನ್ವರ್ಟರ್ ಮಾದರಿಯ ಜನರೇಟರ್ ಲೋಡ್ ಕಡಿಮೆಯಾದಾಗ ತನ್ನ ವೇಗ ಇಳಿಸುತ್ತದೆ. ಸಪ್ಪಳ, ಪೆಟ್ರೋಲ್ ಎರಡೂ ಉಳಿಯುತ್ತವೆ. ರೇಟು ಮಾತ್ರ ಜಾಸ್ತಿ. ಇನ್ವರ್ಟರ್ ಆಗಲಿ, ಮತ್ತೊಂದಾಗಲಿ, ಹೊಗೆಯಲ್ಲಿರುವ ವಿಷ ಅದೇ ಎಂಬುದನ್ನು ಮರೆಯಬಾರದು.

ಎಲ್ಲಿಡಬೇಕು?

ಹೊರಗಿಡುವ ಜನರೇಟರ್ ಇದ್ದರೆ ಬಾಗಿಲು, ಕಿಟಕಿಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕೊಳವೆ ಗಾಡಿಗೆ ಬೆನ್ನು ಮಾಡಿರಬೇಕು. ಗಾಡಿಯ ಡಿಕ್ಕಿಯಲ್ಲಿ, ಕೆಳಗೆ, ಟಾರ್ಪಾಲಿನ ಮರೆಯಲ್ಲಿ ಇಡುವುದು ಬೇಡ. ಮಳೆ ಬಂತೆಂದು ಒಳಗೆ ಎಳೆದುಕೊಳ್ಳುವುದಂತೂ ಬೇಡವೇ ಬೇಡ. ಒಯ್ಯುವಂಥ ಜನರೇಟರುಗಳ ಈ ವಿಷಾನಿಲಕ್ಕೆ ಅಮೆರಿಕದಲ್ಲೇ ವರ್ಷಕ್ಕೆ ಸುಮಾರು ನೂರು ಮಂದಿ ಬಲಿಯಾಗುತ್ತಾರೆ.

ಗಾಡಿಗೇ ಕೂಡಿಸುವ ಜನರೇಟರ್ ಆದರೆ ಅದರ ಪೆಟ್ಟಿಗೆಗೂ ಮಲಗುವ ಜಾಗಕ್ಕೂ ನಡುವೆ ತೂತು, ಬಿರುಕು ಇರಕೂಡದು. ವೈರು, ಪೈಪು ಹಾಯಿಸಿದ ಜಾಗಗಳನ್ನು ಒಂದೊಂದಾಗಿ ಟಾರ್ಚ್ ಹಿಡಿದು ನೋಡಬೇಕು. ಬಾಡಿಗೆ ಗಾಡಿಯಾದರೂ ಇದನ್ನು ನೋಡುವ ಹಕ್ಕು ನಿಮಗಿದೆ. ಸ್ವಂತ ಗಾಡಿ ಬದಲಿಸುವವರಿಗೆ ಆರ್‌ಟಿಒ ಒಪ್ಪಿಗೆ ಬೇಕು. ಕ್ಯಾರವಾನ್ ಗಾಡಿಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಗ್ಯಾರೇಜಿನಲ್ಲಿ ಕತ್ತರಿಸಿ ಬೆಸುಗೆ ಹಾಕಿಸಿದರೆ ಮುಗಿಯುವ ಕೆಲಸ ಇದಲ್ಲ.

ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಎಂಬ ಅಂಗೈಯಗಲದ ಸಾಧನ ಸಿಗುತ್ತದೆ. ಹೊಗೆ ಪತ್ತೆ ಮಾಡುವ ಅಲಾರಾಂ ಬೇರೆ, ಇದು ಬೇರೆ. ಮಲಗುವ ಜಾಗದ ಹತ್ತಿರ ಒಂದು ಇರಲೇಬೇಕು. ಅಲಾರಾಂ ಇದೆಯೆಂದು ಜನರೇಟರ್ ಹಚ್ಚಿ ನಿದ್ದೆ ಮಾಡುವುದೂ ಸರಿಯಲ್ಲ. ಮಲಗುವ ಮುಂಚೆ ಗಾಡಿ ತಂಪು ಮಾಡಿಕೊಂಡು, ಬಂದ್ ಮಾಡಿ, ಫ್ಯಾನಿಗೆ ಬ್ಯಾಟರಿ ಬಳಸುವುದು ಕ್ಷೇಮ.

ರಾತ್ರಿಯೆಲ್ಲಾ ಎಸಿ ಬೇಕೇ ಬೇಕೆನ್ನುವವರಿಗೆ ಎರಡು ದಾರಿ ಇವೆ. ಒಂದು, ಪ್ಲಗ್ ಕೊಡುವ ಕ್ಯಾರವಾನ್ ಪಾರ್ಕ್ ಅಥವಾ ಲಾಡ್ಜಿನ ಅಂಗಳದಲ್ಲಿ ನಿಲ್ಲಿಸುವುದು. ಇನ್ನೊಂದು, ಲಿಥಿಯಂ ಬ್ಯಾಟರಿ. 5 ಕಿಲೋವ್ಯಾಟ್ ತಾಸಿನ ಬ್ಯಾಟರಿ ಇದ್ದರೆ, ಗಾಡಿ ಮೊದಲೇ ತಂಪಾಗಿದ್ದು ಸಣ್ಣ ಇನ್ವರ್ಟರ್ ಎಸಿ ಸರಾಸರಿ 500-600 ವ್ಯಾಟ್ ಎಳೆದರೆ, ಎಂಟು ತಾಸು ನಡೆಯುತ್ತದೆ. ಮೊದಲ ಖರ್ಚು ದೊಡ್ಡದು, ಆದರೆ ಹೊಗೆಯಿಲ್ಲ, ಸಪ್ಪಳವಿಲ್ಲ.

ಗಾಡಿ ಇಲ್ಲದವರಿಗೂ ಈ ಮಾತು ಸಲ್ಲುತ್ತದೆ. ಕರೆಂಟ್ ಹೋದಾಗ ಅಂಗಡಿಯ ಹಿಂದಿನ ಖೋಲಿಯಲ್ಲಿ, ಮನೆಯ ಪಡಸಾಲೆಯಲ್ಲಿ ಜನರೇಟರ್ ಹಚ್ಚುವವರಿದ್ದಾರೆ. ಅಲ್ಲಿಯೂ ಹೊಗೆಗೆ ಅದೇ ಗುಣ.

ಜನರೇಟರ್ ನಡೆಯುವಾಗ ಯಾರಿಗಾದರೂ ತಲೆನೋವು, ವಾಕರಿಕೆ ಬಂದರೆ, ಅದೂ ಒಟ್ಟಿಗೆ ಇಬ್ಬರು ಮೂವರಿಗೆ ಬಂದರೆ, ಊಟದ ಮೇಲೆ ತಪ್ಪು ಹಾಕುತ್ತ ಕೂಡಬೇಡಿ. ಎಲ್ಲರನ್ನೂ ಬಯಲಿಗೆ ತಂದು 108ಕ್ಕೆ ಫೋನ್ ಮಾಡಿ. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಈ ವಿಷ ರಕ್ತದಲ್ಲಿದ್ದರೂ ಅದು 97, 98 ಅಂತ ತೋರಿಸಬಲ್ಲದು. ಆಸ್ಪತ್ರೆಗೆ ಹೋದ ಕೂಡಲೇ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು, ಹತ್ತಿರದಲ್ಲಿ ಜನರೇಟರ್ ನಡೆಯುತ್ತಿತ್ತು ಎಂಬುದು.