ಗುರುಗ್ರಹದ ಮೋಡಗಳೂ ಅವುಗಳ ಮರೆಯ ಕಾವೂ

ಶಿಕಾರಿಪುರ, ಸೊರಬಗಳ ಕಡೆಯವರಿಗೆ ಮೋಡದ ಪರಿಚಯವನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಮಳೆಗಾಲದಲ್ಲಿ ಅಲ್ಲಿ ನಕ್ಷತ್ರದರ್ಶನವೇ ಅಪರೂಪ. ಮಳೆ ಹಿಂದೆಗೆದ ಮೇಲೆ, ಗುರುವು ರಾತ್ರಿ ಕಾಣುವ ಕಾಲವಾದರೆ, ಮಿನುಗದೆ ಬೆಳಗುವ ಆ ಗ್ರಹವನ್ನು ಅಂಗಳದಿಂದಲೇ ಗುರುತಿಸಬಹುದು. ಆದರೆ ಹಾಗೆ ಬೆಳಗುವುದೂ ಮೋಡವೇ! ಗುರುವಿಗೆ ಕಾಲೂರುವ ನೆಲವಿಲ್ಲ. ಅದರ ಮೇಲ್ಮೋಡಗಳಿಗೆ ತಾಕಿ ಹಿಂದಿರುಗಿದ ಬಿಸಿಲನ್ನೇ ನಾವು ಕಾಣುವೆವು.

ಈ ಮುಸುಕಿನ ಕೆಳಗೇನಿರುವುದೆಂದು ತಿಳಿಯುವ ಬಗೆ ಹೇಗೆ? ಅಡಕೆ ಬೇಯಿಸಿದ ಒಲೆಯು ಆರಿದಂತೆ ತೋರಿದರೂ, ಬೂದಿಯ ಮೇಲೆ ಅಂಗೈ ಹಿಡಿದೊಡನೆ ಕೆಂಡವಿರುವುದು ಗೊತ್ತಾಗುವುದಷ್ಟೆ. ಅಂಗೈಗೆ ತಾಕಿದ ಆ ಕಾವು ಅವಕೆಂಪು ಕಿರಣ. ಕೆಂಪಿನಿಂದಾಚೆಗಿನ, ಕಣ್ಣಿಗೆ ಕಾಣದ ಬೆಳಕು. 1800ರಲ್ಲಿ ವಿಲಿಯಂ ಹರ್ಷೆಲನು ಪಟ್ಟಕವು ಬಿಡಿಸಿದ ಬಣ್ಣಗಳಾಚೆ ಉಷ್ಣಮಾಪಕವನ್ನಿಟ್ಟು ಇದನ್ನು ಕಂಡುಹಿಡಿದನು. ಗುರುವಿನ ಒಡಲೂ ಬಿಸಿಯಾದುದೇ. ಸೂರ್ಯನಿಂದ ಹೀರಿಕೊಳ್ಳುವುದಕ್ಕಿಂತ ಹೆಚ್ಚು ಶಾಖವನ್ನು ಅದು ಹೊರಸೂಸುತ್ತಿರುವುದು.

ಅಲೆಯುದ್ದವು 5 ಮೈಕ್ರಾನ್, ಎಂದರೆ ಮಿಲಿಮೀಟರಿನ 200ರಲ್ಲಿ ಒಂದು ಪಾಲಾಗಿರುವ ಅವಕೆಂಪು ಕಿರಣಗಳಲ್ಲಿ ನೋಡಿದರೆ ಚಿತ್ರವೇ ತಿರುವುಮುರುವಾಗುವುದು. ಕಣ್ಣಿಗೆ ಬೆಳ್ಳಗಿದ್ದ ದಟ್ಟ ಮೋಡದ ಪಟ್ಟೆಗಳು ಕಾವನ್ನು ತಡೆದು ಕಪ್ಪಾಗುವುವು. ಕಂದು ಪಟ್ಟೆಗಳಲ್ಲಿ ಮೋಡ ತೆಳುವಾದೆಡೆ ಒಳಗಿನ ಶಾಖ ಸೋರಿ ಬೆಳಗುವುದು. ಪ್ರಸಿದ್ಧವಾದ ದೊಡ್ಡ ಕೆಂಪು ಮಚ್ಚೆಯೂ ಇಲ್ಲಿ ಕಪ್ಪೇ.

ಆದರೆ ನಮ್ಮ ಗಾಳಿಯ ನೀರಾವಿಯು ಅವಕೆಂಪು ಕಿರಣಗಳಲ್ಲಿ ಹಲವನ್ನು ನುಂಗಿಬಿಡುವುದು. ಮಲೆನಾಡಿನ ಗದ್ದೆಗೆ ವರವಾದ ತೇವವೇ ಈ ವೀಕ್ಷಣೆಗೆ ವೈರಿ! ಆದುದರಿಂದ ಒಣ ಗಾಳಿಯ ಎತ್ತರವನ್ನು ಅರಸಬೇಕು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ನಮ್ಮವರು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುವರು. ಅದರ ಅವಕೆಂಪು ಉಪಕರಣವು ಇನ್ನೂ ಕಿರಿಯ ಅಲೆಗಳಿಗೆ ತಕ್ಕುದು. ಗುರುವಿನ 5 ಮೈಕ್ರಾನ್ ಚಿತ್ರಗಳು ಹವಾಯಿಯ ಮೌನಾ ಕೀ ಶಿಖರದಿಂದ ಬಹಳವಾಗಿ ದೊರೆತಿವೆ.

ಇಂತಹ ಚಿತ್ರಗಳಿಲ್ಲದಿದ್ದರೆ ಒಂದು ದೊಡ್ಡ ತಪ್ಪೆಣಿಕೆ ಉಳಿಯುತ್ತಿತ್ತು. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕವು ಗುರುವಿನೊಳಗೆ ಇಳಿದು ಸುಮಾರು ಒಂದು ಗಂಟೆ ವರದಿಯನ್ನು ಕಳುಹಿಸಿತು. ನೀರು ನಿರೀಕ್ಷೆಗಿಂತ ಬಹಳ ಕಡಮೆ! ಅದು ಇಳಿದುದು ಮೋಡ ಹರಿದ, ಒಣಗಿದ ಒಂದು ಬಿಸಿ ತಾಣದಲ್ಲಿ ಎಂಬುದನ್ನು ಅವಕೆಂಪು ಚಿತ್ರಗಳು ತೋರಿಸಿದುವು. ಚಳ್ಳಕೆರೆಯಲ್ಲಿ ಇಳಿದವನು ಆಗುಂಬೆಯ ಮಳೆಯನ್ನು ಅಳೆದಂತಾಯಿತು. ಮುಂದೆ ಜೂನೋ ನೌಕೆಯು ಸೂಕ್ಷ್ಮ ರೇಡಿಯೋ ಅಲೆಗಳಿಂದ ಸಮಭಾಜಕದ ಬಳಿ ಅಳೆದು, 2020ರಲ್ಲಿ ಪ್ರಕಟವಾದ ಲೆಕ್ಕದಂತೆ, ಅಲ್ಲಿನ ಅಣುಗಳಲ್ಲಿ ನೂರಕ್ಕೆ ಸುಮಾರು 0.25ರಷ್ಟು ನೀರನ್ನು ಕಂಡಿತು.